ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಕೈ ಊದಿದರೆ: ಇಳಿಸುವುದು ಹೇಗೆ, ಇಳಿದದ್ದನ್ನು ಕಾಯ್ದುಕೊಳ್ಳುವುದು ಹೇಗೆ

ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಮುಗಿದು ತಲೆಗೂದಲು ಮತ್ತೆ ಬರುವ ಹೊತ್ತಿಗೆ ಕೆಲವರಿಗೆ ಹೊಸದೊಂದು ತೊಂದರೆ ಶುರುವಾಗುತ್ತದೆ. ಆಪರೇಷನ್ ಆದ ಕಡೆಯ ಕೈಗೆ ಬಳೆ ಬಿಗಿಯಾಗುತ್ತದೆ. ಕುಪ್ಪಸದ ತೋಳು ಮಾಂಸದಲ್ಲಿ ಗುರುತು ಮೂಡಿಸುತ್ತದೆ. ಸಂಜೆಯಾದರೆ ಕೈ ಭಾರ, ಬೆಳಿಗ್ಗೆ ಎದ್ದರೆ ಸ್ವಲ್ಪ ಹಗುರ. ಇದಕ್ಕೆ ವೈದ್ಯರು ಲಿಂಫೆಡಿಮಾ ಅನ್ನುತ್ತಾರೆ.

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಆಪರೇಷನ್ನಿಗೆಂದು ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ ಬಂದವರಿದ್ದಾರೆ. ಕೈ ಊದುವುದು ಮಾತ್ರ ಊರಿಗೆ ಮರಳಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ. ಆಗ ಮನೆಯಲ್ಲಿ ಮೊದಲು ಹೊಳೆಯುವ ಉಪಾಯ ಮೂರು: ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು, ಮೂತ್ರ ಹೋಗುವ ಮಾತ್ರೆ ನುಂಗುವುದು, ಮೆಡಿಕಲ್ ಅಂಗಡಿಯ ಕ್ರೇಪ್ ಬ್ಯಾಂಡೇಜ್ ಸುತ್ತುವುದು. ಮೂರರಿಂದಲೂ ಪ್ರಯೋಜನವಿಲ್ಲ, ಕೆಲವೊಮ್ಮೆ ಕೆಡುಕೇ ಹೆಚ್ಚು. ಈ ಊತಕ್ಕೆ ಮುಖ್ಯ ಚಿಕಿತ್ಸೆ ಎಂದರೆ ಹೊರಗಿನಿಂದ ಕೊಡುವ ಒತ್ತಡ: ಸರಿಯಾದ ಬಟ್ಟೆ, ಸರಿಯಾದ ಬಿಗಿ, ಸರಿಯಾದ ಕ್ರಮ. ಉಳಿದದ್ದೆಲ್ಲ ಅದರ ಜೊತೆಗಿನ ಸಹಾಯ. ಎಷ್ಟು ಬೇಗ ಶುರುಮಾಡಿದರೆ ಅಷ್ಟು ಕಡಿಮೆಯಲ್ಲಿ ಮುಗಿಯುತ್ತದೆ.

ಕಂಕುಳಲ್ಲಿ ಏನಾಗಿರುತ್ತದೆ

ರಕ್ತನಾಳಗಳಿಂದ ಸದಾ ಒಂದಿಷ್ಟು ದ್ರವ ಮಾಂಸದೊಳಕ್ಕೆ ಜಿನುಗುತ್ತಿರುತ್ತದೆ. ಅದರಲ್ಲಿ ನೀರಿನ ಜೊತೆ ಪ್ರೋಟೀನ್ ಕೂಡ ಇರುತ್ತದೆ. ಈ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವ ಕೆಲಸ ಲಿಂಫ್ ನಾಳಗಳದ್ದು. ದಿನಕ್ಕೆ ಕೆಲವು ಲೀಟರ್ ದ್ರವ ಹೀಗೆ ಮರಳುತ್ತದೆ. ಈ ನಾಳಗಳಿಗೆ ಹೃದಯದಂಥ ಪಂಪು ಇಲ್ಲ. ನಾಳದ ಗೋಡೆ ತಾನೇ ಮೆಲ್ಲಗೆ ಕುಗ್ಗುತ್ತದೆ. ಸ್ನಾಯುಗಳು ಅಲುಗಿದಾಗ, ಉಸಿರಾಡಿದಾಗ ದ್ರವ ಮುಂದೆ ಸಾಗುತ್ತದೆ. ಕೈಯ ನಾಳಗಳಲ್ಲಿ ಹೆಚ್ಚಿನವು ಕಂಕುಳಿನ ಗ್ರಂಥಿಗಳನ್ನು ಹಾಯ್ದೇ ಹೋಗಬೇಕು. ಈ ಗ್ರಂಥಿಗಳನ್ನೇ ಆಸ್ಪತ್ರೆಯಲ್ಲಿ 'ನೋಡ್ಸ್' ಅನ್ನುವುದು.

ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು, ಹರಡಿದ್ದರೆ ತೆಗೆಯಲು ಈ ನೋಡ್‌ಗಳಿಗೇ ಕೈ ಹಾಕಬೇಕಾಗುತ್ತದೆ. ಸೆಂಟಿನೆಲ್ ನೋಡ್, ಅಂದರೆ ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ನೋಡ್, ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ನೋಡ್ ತೆಗೆಯುತ್ತಾರೆ. ಅಂಥವರಲ್ಲಿ ನೂರಕ್ಕೆ 5–6 ಜನರಿಗೆ ಕೈ ಊದುತ್ತದೆ. ಕಂಕುಳನ್ನು ಪೂರ್ತಿ ತೆರವು ಮಾಡಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ. ಕಂಕುಳಿಗೆ ರೇಡಿಯೇಷನ್ ಆಗಿದ್ದರೆ, ಮೈತೂಕ ಹೆಚ್ಚಿದ್ದರೆ, ಆ ಕೈಗೆ ಸೋಂಕು ತಗಲಿದ್ದರೆ ಅಪಾಯ ಇನ್ನೂ ಏರುತ್ತದೆ. ಹೆಚ್ಚಿನವರಲ್ಲಿ ಮೊದಲ ಎರಡು-ಮೂರು ವರ್ಷಗಳೊಳಗೆ ಕಾಣಿಸಿಕೊಂಡರೂ ಹತ್ತು ವರ್ಷದ ಮೇಲೂ ಬರಬಹುದು.

ಭದ್ರಾ ನಾಲೆಯ ನೀರುಣ್ಣುವ ಗದ್ದೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಒಳಗೆ ಬರುವ ತೂಬು ಸರಿಯಿದೆ, ಕೊನೆಯ ಬಸಿಗಾಲುವೆ ಮಾತ್ರ ಮುಚ್ಚಿಹೋಗಿದೆ ಅನ್ನಿ. ಗದ್ದೆ ಮೊದಲು ಜೌಗಾಗುತ್ತದೆ. ಹಾಗೇ ವರ್ಷಗಟ್ಟಲೆ ಬಿಟ್ಟರೆ ಮಣ್ಣೇ ಚೌಳಾಗುತ್ತದೆ. ಆಮೇಲೆ ನೀರು ಬಸಿದರೂ ಮೊದಲಿನ ನೆಲ ಬರುವುದಿಲ್ಲ. ಕೈಯಲ್ಲೂ ಹಾಗೆಯೇ. ಮೊದಲ ಹಂತದಲ್ಲಿ ಬೆರಳಿಂದ ಒತ್ತಿದರೆ ಕುಳಿ ಬೀಳುತ್ತದೆ, ಕೈ ಎತ್ತಿಟ್ಟುಕೊಂಡು ಮಲಗಿದರೆ ಇಳಿಯುತ್ತದೆ. ಎರಡನೆಯ ಹಂತದಲ್ಲಿ ಎತ್ತಿಟ್ಟರೂ ಇಳಿಯುವುದಿಲ್ಲ. ನಿಂತ ಪ್ರೋಟೀನ್ ಉರಿಯೂತ ಎಬ್ಬಿಸಿ ಒಳಗೆ ನಾರು, ಕೊಬ್ಬು ಬೆಳೆಸುತ್ತದೆ. ಒತ್ತಿದರೆ ಕುಳಿಯೂ ಬೀಳದಷ್ಟು ಗಟ್ಟಿಯಾಗುತ್ತದೆ. ಮೂರನೆಯ ಹಂತದಲ್ಲಿ ಚರ್ಮ ದಪ್ಪಗಾಗಿ ಒರಟಾಗುತ್ತದೆ. ಮೊದಲ ಹಂತದಲ್ಲೇ ಹಿಡಿಯಿರಿ ಎಂದು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಟೇಪು, ಪೆನ್ನು, ಒಂದು ನೋಟುಬುಕ್ಕು

ಕಣ್ಣಿಗೆ ಕಾಣುವ ಮೊದಲೇ ಊತವನ್ನು ಹಿಡಿಯಲು ದರ್ಜಿಯ ಟೇಪು ಸಾಕು. ಆಪರೇಷನ್ನಿಗೆ ಮುಂಚೆಯೇ ಎರಡೂ ಕೈಗಳ ಅಳತೆ ಬರೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಬಲಗೈ ಬಳಸುವವರ ಬಲಗೈ ಮೊದಲಿನಿಂದಲೇ ತುಸು ದಪ್ಪ ಇರಬಹುದು. ಮೊದಲ ಅಳತೆ ಇಲ್ಲದಿದ್ದರೆ ಅದು ಊತವೋ ಸಹಜವೋ ತಿಳಿಯದು.

ಕೈಯನ್ನು ಮೇಜಿನ ಮೇಲೆ ಸಡಿಲವಾಗಿ ಚಾಚಿ. ಮಣಿಕಟ್ಟಿನ ಉಬ್ಬು ಮೂಳೆಯ ಬಳಿ ಪೆನ್ನಿನಿಂದ ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಕಂಕುಳವರೆಗೆ ಪ್ರತಿ 4 ಸೆಂಟಿಮೀಟರಿಗೆ ಒಂದು ಗುರುತು. ಪ್ರತಿ ಗುರುತಿನಲ್ಲೂ ಟೇಪನ್ನು ಚರ್ಮಕ್ಕೆ ತಾಗುವಂತೆ, ಆದರೆ ಒತ್ತದಂತೆ ಸುತ್ತಿ ಸುತ್ತಳತೆ ಬರೆಯಿರಿ. ಗುರುತುಗಳ ಅಂತರ 4 ಸೆಂಟಿಮೀಟರೇ ಇದ್ದರೆ ಒಂದು ಸುಲಭದ ಲೆಕ್ಕವಿದೆ: ಸುತ್ತಳತೆಯನ್ನು ಅದರಿಂದಲೇ ಗುಣಿಸಿ 3.14ರಿಂದ ಭಾಗಿಸಿದರೆ ಅಷ್ಟು ತುಂಡಿನ ಗಾತ್ರ ಹೆಚ್ಚುಕಡಿಮೆ ಮಿಲಿಲೀಟರಿನಲ್ಲಿ ಸಿಗುತ್ತದೆ. ಸುತ್ತಳತೆ 24 ಇದ್ದರೆ 183 ಮಿಲಿಲೀಟರ್, 22 ಇದ್ದರೆ 154. ಎಲ್ಲ ತುಂಡುಗಳನ್ನು ಕೂಡಿ ಎರಡು ಕೈಗಳನ್ನು ಹೋಲಿಸಿ. ಒಟ್ಟು ವ್ಯತ್ಯಾಸ 200 ಮಿಲಿಲೀಟರ್ ಅಥವಾ ಶೇ. 10 ದಾಟಿದರೆ, ಇಲ್ಲವೇ ಯಾವುದೇ ಒಂದು ಗುರುತಿನಲ್ಲಿ ಮೊದಲಿಗಿಂತ 2 ಸೆಂಟಿಮೀಟರ್ ಹೆಚ್ಚಿದ್ದರೆ ಅದನ್ನು ಲಿಂಫೆಡಿಮಾ ಎಂದೇ ಎಣಿಸುವುದು ರೂಢಿ. ಅದಕ್ಕಿಂತ ಕಡಿಮೆ ವ್ಯತ್ಯಾಸ ಇದ್ದು ಪ್ರತಿ ಸಲ ಏರುತ್ತಿದ್ದರೆ ಆಗಲೇ ವೈದ್ಯರಿಗೆ ತೋರಿಸಿ. ಆ ಹೊತ್ತಿಗೆ ಕೆಲವು ವಾರ ಸ್ಲೀವ್ (ಬಿಗಿ ತೋಳುಚೀಲ) ತೊಡುವುದರಿಂದಲೇ ಸರಿಹೋಗುವ ಸಂಭವ ಹೆಚ್ಚು.

ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಅಳೆಯುವುದು ಸಾಕು. ಪ್ರತಿ ಸಲವೂ ದಿನದ ಅದೇ ಹೊತ್ತಿನಲ್ಲಿ, ಸಾಧ್ಯವಾದರೆ ಅದೇ ವ್ಯಕ್ತಿಯಿಂದ.

ಚಿಕಿತ್ಸೆಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆ

ಕೈ ಊದಲು ಬೇರೆ ಕಾರಣಗಳೂ ಇರುತ್ತವೆ. ಒಂದೆರಡು ದಿನದಲ್ಲೇ ದಿಢೀರನೆ ಊದಿ ನೋವು, ನೀಲಿ ಬಣ್ಣ ಕಂಡರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು; ಡಾಪ್ಲರ್ ಸ್ಕ್ಯಾನ್ ಆಗಬೇಕು. ತೀವ್ರ ನೋವು, ಬೆರಳು ಮರಗಟ್ಟುವುದು, ಹಿಡಿತ ಸಡಿಲವಾಗುವುದು, ಕಂಕುಳಲ್ಲೋ ಕೊರಳೆಲುಬಿನ ಮೇಲೋ ಹೊಸ ಗಂಟು ಇದ್ದರೆ ಕ್ಯಾನ್ಸರ್ ಮರುಕಳಿಸಿದೆಯೇ ಎಂದು ಮೊದಲು ನೋಡಬೇಕು. ಕೈ ಕೆಂಪಾಗಿ ಜ್ವರ ಬಂದಿದ್ದರೆ ಅದು ಸೋಂಕು. ಇವುಗಳಲ್ಲಿ ಯಾವುದೂ ಅಲ್ಲವೆಂದು ವೈದ್ಯರು ಹೇಳುವವರೆಗೆ ಬ್ಯಾಂಡೇಜ್ ಬೇಡ, ಮಸಾಜೂ ಬೇಡ. ಹೃದಯದ ಬಲ ಕುಂದಿದವರಿಗೂ ಕೈಗೆ ರಕ್ತ ಸಾಲದವರಿಗೂ ಒತ್ತಡ ಕೊಡುವ ಮುಂಚೆ ವೈದ್ಯರ ಒಪ್ಪಿಗೆ ಬೇಕು.

ಊತ ಇಳಿಸುವುದು ಬ್ಯಾಂಡೇಜ್

ಚಿಕಿತ್ಸೆಗೆ ಎರಡು ಘಟ್ಟ. ಮೊದಲನೆಯದರಲ್ಲಿ ವಾರಕ್ಕೆ ಐದು ದಿನದಂತೆ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು, ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬಳಿ ಕೈಯನ್ನು ಇಳಿಸುವುದು. ಎರಡನೆಯದು ಮನೆಯಲ್ಲಿ, ಇಳಿದದ್ದನ್ನು ಕಾಯುವುದು. ಮೊದಲ ಘಟ್ಟದಲ್ಲಿ ಬ್ಯಾಂಡೇಜ್ ಹಗಲು ರಾತ್ರಿ ಕೈಮೇಲೇ ಇರುತ್ತದೆ. ದಿನಕ್ಕೊಮ್ಮೆ ಬಿಚ್ಚಿ, ಕೈ ತೊಳೆದು, ಮತ್ತೆ ಕಟ್ಟುತ್ತಾರೆ.

ಇಲ್ಲಿ ಬಳಸುವುದು 'ಶಾರ್ಟ್ ಸ್ಟ್ರೆಚ್' ಬ್ಯಾಂಡೇಜ್. ಹತ್ತಿಯದು, ಹೆಚ್ಚು ಹಿಗ್ಗುವುದಿಲ್ಲ. ಕೈ ಆಡಿಸಿದಾಗ ಒಳಗಿನ ಸ್ನಾಯು ಉಬ್ಬುತ್ತದೆ, ಹೊರಗಿನ ಬಟ್ಟೆ ಜಗ್ಗುವುದಿಲ್ಲ. ನಡುವೆ ಸಿಕ್ಕ ದ್ರವ ಮೇಲಕ್ಕೆ ಸರಿಯುತ್ತದೆ. ಸುಮ್ಮನಿದ್ದಾಗ ಒತ್ತಡ ಕಡಿಮೆ, ಹಾಗಾಗಿ ಕಟ್ಟಿಕೊಂಡೇ ಮಲಗಬಹುದು. ಕ್ರೇಪ್ ಬ್ಯಾಂಡೇಜಿನದು ಇದಕ್ಕೆ ತಿರುಗುಮುರುಗು: ಕೈ ಆಡಿಸಿದರೆ ಹಿಗ್ಗಿ ಜಾಗ ಬಿಡುತ್ತದೆ, ಸುಮ್ಮನಿದ್ದಾಗ ಹಿಂಡುತ್ತದೆ. ಅದನ್ನು ಬಿಗಿಯಾಗಿ ಕಟ್ಟಿ ಮಲಗಿದವರ ಅಂಗೈ ಬೆಳಿಗ್ಗೆ ಇನ್ನಷ್ಟು ಊದಿರುವುದು ಇದರಿಂದಲೇ.

ಕಟ್ಟುವ ಕ್ರಮ ಹೀಗಿದೆ. ಕೈ ತೊಳೆದು ಒರೆಸಿ, ಬೆರಳ ಸಂದಿಯನ್ನೂ ಒಣಗಿಸಿ, ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚುತ್ತಾರೆ. ಅದರ ಮೇಲೆ ಹತ್ತಿಯ ಕೊಳವೆ ಬಟ್ಟೆ. ಹೆಬ್ಬೆರಳಿಗೆ ತೂತು ಮಾಡಿ ಅಂಗೈಯಿಂದ ಕಂಕುಳವರೆಗೆ ತೊಡಿಸುವುದು. ಆಮೇಲೆ 4 ಸೆಂಟಿಮೀಟರ್ ಅಗಲದ ಗಾಜ್ ಪಟ್ಟಿಯಿಂದ ಒಂದೊಂದೇ ಬೆರಳು, ತುದಿ ಮಾತ್ರ ಕಾಣುವಂತೆ. ಅದಾದ ಮೇಲೆ ಮೆತ್ತನೆಯ ಪ್ಯಾಡಿಂಗ್. ಮೊಣಕೈ ಮಡಿಕೆಯಲ್ಲಿ, ಅಂಗೈ ಗುಳಿಯಲ್ಲಿ ಒಂದು ಪದರ ಹೆಚ್ಚು. ಕೊನೆಗೆ ಶಾರ್ಟ್ ಸ್ಟ್ರೆಚ್: ಅಂಗೈಗೆ 6 ಸೆಂಟಿಮೀಟರ್ ಅಗಲದ್ದು, ಮುಂಗೈಗೆ 8, ಅಲ್ಲಿಂದ ಮೇಲಕ್ಕೆ 10. ಮಣಿಕಟ್ಟಿನ ಸುತ್ತ ಬಿಗಿಯಿಲ್ಲದ ಒಂದು ಸುತ್ತಿನಿಂದ ಶುರು. ಅಂಗೈಗೆ ಸುತ್ತುವಾಗ ಬೆರಳು ಅಗಲಿಸಿರಬೇಕು, ಮುಂಗೈಗೆ ಸುತ್ತುವಾಗ ಮುಷ್ಟಿ ಕಟ್ಟಿರಬೇಕು. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ತುದಿಗೆ ಅಂಟುಪಟ್ಟಿ ಹಾಕಿ, ಲೋಹದ ಕ್ಲಿಪ್ ಬೇಡ. ಅದು ಚರ್ಮಕ್ಕೆ ಚುಚ್ಚುತ್ತದೆ.

ಒತ್ತಡ ಅಂಗೈಯಲ್ಲಿ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ ಇರಬೇಕು. ಇದಕ್ಕಾಗಿ ಕೆಳಗೆ ಜಾಸ್ತಿ ಎಳೆಯಬೇಕಿಲ್ಲ. ಒಂದೇ ಎಳೆತದಲ್ಲಿ ಸುತ್ತಿದರೂ ಸಣ್ಣ ಸುತ್ತಳತೆಯ ಕಡೆ ಒತ್ತಡ ತಾನಾಗಿ ಹೆಚ್ಚುತ್ತದೆ. ಹೊಸದಾಗಿ ಕಲಿಯುವವರು ತಪ್ಪುವುದು ಮೇಲ್ಭಾಗದಲ್ಲಿ: ಜಾರದಿರಲಿ ಎಂದು ತೋಳಿನ ಬಳಿ ಬಿಗಿ ಮಾಡುತ್ತಾರೆ. ಆಗ ದ್ರವ ಅಂಗೈಗೇ ಇಳಿದು ನಿಲ್ಲುತ್ತದೆ. ಮೊಣಕೈಯಲ್ಲಿ ಬಟ್ಟೆ ಸುಕ್ಕುಗಟ್ಟಿದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ.

ಕಟ್ಟಿದ ಮೇಲೆ ಉಗುರು ಒತ್ತಿ ಬಿಡಿ. ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಏರಿದರೆ ತಕ್ಷಣ ಬಿಚ್ಚಿ. 'ಬಿಗಿಯಿದ್ದಷ್ಟೂ ಒಳ್ಳೆಯದು' ಎಂದು ಸಹಿಸಿಕೊಳ್ಳಬೇಡಿ. ಕೆಲವು ಗಂಟೆಗಳಲ್ಲಿ ಬ್ಯಾಂಡೇಜ್ ಸಡಿಲವಾಗುವುದು ಒಳ್ಳೆಯ ಲಕ್ಷಣ, ಊತ ಇಳಿಯುತ್ತಿದೆ ಎಂದರ್ಥ.

ಮಸಾಜ್ ಎಂದರೆ ತಿಕ್ಕುವುದಲ್ಲ

ಡೆನ್ಮಾರ್ಕಿನ ಎಮಿಲ್ ವಾಡರ್ 1930ರ ದಶಕದಲ್ಲಿ ರೂಪಿಸಿದ ಹಗುರ ಕೈಚಳಕ ಇಂದಿಗೂ ಬಳಕೆಯಲ್ಲಿದೆ. ಲಿಂಫ್ ನಾಳಗಳಲ್ಲಿ ಬಹಳಷ್ಟು ಚರ್ಮದ ಕೆಳಗೇ ಇರುವುದರಿಂದ ಚರ್ಮ ಸ್ವಲ್ಪ ಸರಿಯುವಷ್ಟು ಒತ್ತಿದರೆ ಸಾಕು. ಚರ್ಮ ಕೆಂಪಾದರೆ ಒತ್ತಡ ಅತಿಯಾಯಿತು. ಎಣ್ಣೆ ಹಚ್ಚಿದರೆ ಬೆರಳು ಜಾರುತ್ತದೆ, ಚರ್ಮ ಸರಿಯುವುದಿಲ್ಲ. ಜೋರಾಗಿ ತಿಕ್ಕಿದರೆ, ಅದೂ ಬಿಸಿ ಎಣ್ಣೆಯಲ್ಲಿ, ಆ ಜಾಗಕ್ಕೆ ರಕ್ತ ಹೆಚ್ಚು ಹರಿದು ದ್ರವ ಇನ್ನಷ್ಟು ಜಿನುಗುತ್ತದೆ.

ಕ್ರಮ ಬಹಳ ಮುಖ್ಯ, ಮೊದಲು ದಾರಿ ತೆರವಾಗಬೇಕು. ಹೊಟ್ಟೆ ಉಬ್ಬಿಸಿ ಐದಾರು ದೀರ್ಘ ಉಸಿರು. ಕೊರಳೆಲುಬಿನ ಮೇಲಿನ ಗುಳಿಗಳಲ್ಲಿ ಮೆಲ್ಲನೆ ಹತ್ತು ಸುತ್ತು. ಆಮೇಲೆ ಆಪರೇಷನ್ ಆಗದ ಕಡೆಯ ಕಂಕುಳು, ಊದಿದ ಕಡೆಯದೇ ತೊಡೆಸಂದು. ಎದೆಯ ಮೇಲೆ ಊದಿದ ಕಡೆಯಿಂದ ಇನ್ನೊಂದು ಕಂಕುಳಿನತ್ತ, ಪಕ್ಕೆಯಲ್ಲಿ ತೊಡೆಸಂದಿನತ್ತ ಚರ್ಮವನ್ನು ಸರಿಸುವುದು. ಇಷ್ಟಾದ ಮೇಲೆ ತೋಳಿನ ಮೇಲ್ಭಾಗ, ನಂತರ ಮುಂಗೈ, ಕೊನೆಗೆ ಅಂಗೈ, ಪ್ರತಿಯೊಂದನ್ನೂ ಭುಜದ ಕಡೆಗೇ. ಹದಿನೈದು ಇಪ್ಪತ್ತು ನಿಮಿಷ. ಬರೀ ಮಸಾಜ್ ಮಾಡಿ ಬ್ಯಾಂಡೇಜ್ ಕಟ್ಟದಿದ್ದರೆ ಸರಿಸಿದ ದ್ರವ ಮತ್ತೆ ಬಂದು ಸೇರುತ್ತದೆ. ಬಿಡುವೇ ಇಲ್ಲದ ದಿನ ಎರಡರಲ್ಲಿ ಒಂದನ್ನು ಕೈಬಿಡಬೇಕಾದರೆ ಮಸಾಜ್ ಬಿಡಿ.

ಸ್ಲೀವ್ ಕೊಳ್ಳುವ ಹೊತ್ತು

ಸ್ಲೀವ್ ಎಂದರೆ ಅಳತೆಗೆ ತಕ್ಕ ಬಿಗಿ ತೋಳುಚೀಲ. ಇದರ ಕೆಲಸ ಇಳಿದ ಕೈಯನ್ನು ಹಾಗೇ ಇರಿಸುವುದು. ಹೆಚ್ಚು ಊದಿದ ಕೈಯನ್ನು ಇದು ಇಳಿಸಲಾರದು. ಬಹಳ ಜನ ಮೊದಲು ಸ್ಲೀವ್ ತಂದು, ಊದಿದ ಕೈಯ ಅಳತೆಗೆ ತೊಟ್ಟು, ಪ್ರಯೋಜನವಾಗಲಿಲ್ಲ ಎಂದು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಬ್ಯಾಂಡೇಜ್ ಚಿಕಿತ್ಸೆಯಲ್ಲಿ ಅಳತೆ ಇಳಿಯುತ್ತ ಬಂದು ನಿಂತಲ್ಲೇ ನಿಂತಾಗ, ಬೆಳಿಗ್ಗೆ ಬ್ಯಾಂಡೇಜ್ ಬಿಚ್ಚಿದ ಕೂಡಲೇ ತೆಗೆದ ಅಳತೆಗೆ ಸ್ಲೀವ್ ಕೊಳ್ಳಬೇಕು.

ಒತ್ತಡವನ್ನು ರಕ್ತದೊತ್ತಡದಂತೆಯೇ ಪಾದರಸದ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಕೈಗೆ ಹೆಚ್ಚಾಗಿ 20–30 ಬರೆದುಕೊಡುತ್ತಾರೆ. ತೆಳ್ಳನೆಯ ಊತಕ್ಕೆ ಅದಕ್ಕಿಂತ ಕಡಿಮೆ, ಗಟ್ಟಿಯಾದ ಊತಕ್ಕೆ ಹೆಚ್ಚು. ಅಂಗೈ, ಬೆರಳು ಊದಿದ್ದರೆ ಕೈಗವಸೂ ಬೇಕು. ಬರೀ ತೋಳಿಗೆ ತೊಟ್ಟ ಮೇಲೆ ಬೆರಳು ಊದತೊಡಗಿದರೂ ಅಷ್ಟೇ.

ಬೆಳಿಗ್ಗೆ ಎದ್ದ ಕೂಡಲೇ ತೊಟ್ಟು ರಾತ್ರಿ ಮಲಗುವಾಗ ತೆಗೆಯಿರಿ. ಇನ್ನೊಂದು ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಬಟ್ಟೆ ಸುಲಭವಾಗಿ ಮೇಲೇರುತ್ತದೆ. ಮೇಲಿನ ಅಂಚನ್ನು ಮಡಿಸಬೇಡಿ. ಮಡಿಸಿದ ಜಾಗದಲ್ಲಿ ಒತ್ತಡ ಎರಡರಷ್ಟಾಗಿ ಕೈಯನ್ನೇ ಕಟ್ಟಿದಂತಾಗುತ್ತದೆ. ಎಣ್ಣೆ, ಕ್ರೀಮು ರಾತ್ರಿ ಹಚ್ಚಿ, ಹಗಲು ಹಚ್ಚಿದರೆ ಎಲಾಸ್ಟಿಕ್ ಕೆಡುತ್ತದೆ. ಎರಡು ಸ್ಲೀವ್ ಇದ್ದರೆ ಒಂದನ್ನು ಒಗೆದು ಇನ್ನೊಂದನ್ನು ತೊಡಬಹುದು. ಉಗುರು ಬೆಚ್ಚಗಿನ ನೀರು, ಮೆದು ಸೋಪು, ಹಿಂಡದೆ ನೆರಳಲ್ಲಿ ಒಣಗಿಸುವುದು. ಸುಮಾರು ಆರು ತಿಂಗಳಿಗೆ ಬಿಗಿ ಹೋಗುತ್ತದೆ. ನೋಡಲು ಹೊಸದರಂತಿದ್ದರೂ ಸಲೀಸಾಗಿ ಮೇಲೇರುತ್ತಿದ್ದರೆ ಬದಲಿಸುವ ಕಾಲ ಬಂತು.

ಕೆಲಸ ಬಿಡಬೇಕೇ?

ಬಿಡಬೇಕಿಲ್ಲ. 'ಆ ಕೈಯಲ್ಲಿ ಏನೂ ಎತ್ತಬೇಡ' ಎಂಬ ಹಳೆಯ ಮಾತನ್ನು 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಬದಲಿಸಿತು. ಲಿಂಫೆಡಿಮಾ ಇದ್ದ 141 ಮಹಿಳೆಯರನ್ನು ಗಮನಿಸಿದಾಗ, ನಿಧಾನವಾಗಿ ತೂಕ ಹೆಚ್ಚಿಸುತ್ತ ವ್ಯಾಯಾಮ ಮಾಡಿದವರ ಊತ ಹೆಚ್ಚಲಿಲ್ಲ, ಉಲ್ಬಣಗೊಳ್ಳುವುದೂ ಕಡಿಮೆಯಾಯಿತು. ಕೆಡುಕಾಗುವುದು ಒಮ್ಮೆಲೇ ಅತಿ ಮಾಡಿದರೆ. ತುಂಬಿದ ಪ್ಲಾಸ್ಟಿಕ್ ಕೊಡ 15 ಕೆ.ಜಿ. ಆಸುಪಾಸು ತೂಗುತ್ತದೆ, ತಿಂಗಳುಗಟ್ಟಲೆ ಸುಮ್ಮನಿದ್ದ ಕೈಯಲ್ಲಿ ಅದನ್ನು ದಿಢೀರನೆ ಎತ್ತಬಾರದು. ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರುಮಾಡಿ, ವಾರಕ್ಕೆ ಎರಡು ಸಲ, ಸ್ಲೀವ್ ತೊಟ್ಟೇ. ಎರಡು ಸಲ ಮಾಡಿದ ಮೇಲೂ ಕೈ ಭಾರವಾಗದಿದ್ದರೆ ತೂಕ ತುಸು ಏರಿಸಿ. ಉಳಿದ ದಿನ ಮುಷ್ಟಿ ಕಟ್ಟಿ ಬಿಡುವುದು, ಮಣಿಕಟ್ಟು, ಮೊಣಕೈ ಮಡಿಸುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು, ತಲಾ ಹತ್ತು ಹದಿನೈದು ಸಲ.

ನಮ್ಮ ಕಡೆ ಬಿಸಿಲೂ ಒಲೆಯೂ ಹೆಚ್ಚು ಕಾಡುತ್ತವೆ. ಬಿಸಿಗೆ ರಕ್ತನಾಳ ಹಿಗ್ಗಿ ದ್ರವ ಹೆಚ್ಚು ಜಿನುಗುತ್ತದೆ. ಮಂಡಕ್ಕಿ ಭಟ್ಟಿಯ ಮುಂದೆ, ರೊಟ್ಟಿ ಹಂಚಿನ ಮುಂದೆ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು ಕೈ ಮೇಲೆತ್ತಿ ಹತ್ತಿಪ್ಪತ್ತು ಸಲ ಮುಷ್ಟಿ ಕಟ್ಟಿ ಬಿಡುವುದು ಒಳ್ಳೆಯದು. ಏಪ್ರಿಲ್-ಮೇ ಬಿಸಿಲಲ್ಲಿ ಸ್ಲೀವ್ ತೆಗೆದಿಡಬೇಕು ಅನ್ನಿಸುತ್ತದೆ, ಆದರೆ ಕೈ ಹೆಚ್ಚು ಊದುವುದೂ ಆಗಲೇ. ತೊಟ್ಟ ಸ್ಲೀವ್ ಮೇಲೆಯೇ ತಣ್ಣೀರು ಚಿಮುಕಿಸಿದರೆ ಒಣಗುತ್ತ ತಂಪು ಕೊಡುತ್ತದೆ.

ಸಣ್ಣ ಗಾಯ, ದೊಡ್ಡ ಜ್ವರ

ನಿಂತ ದ್ರವದಲ್ಲಿ ರೋಗಾಣು ಬೇಗ ಬೆಳೆಯುತ್ತದೆ, ಅದನ್ನು ಎದುರಿಸುವ ನೋಡ್‌ಗಳೂ ಅಲ್ಲಿಲ್ಲ. ಚನ್ನಗಿರಿ, ಹೊಳಲ್ಕೆರೆ ಕಡೆ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ, ಮೆಕ್ಕೆಜೋಳದ ತೆನೆ ಮುರಿಯುವಾಗ, ಹತ್ತಿ ಬಿಡಿಸುವಾಗ, ಜಾಲಿ ಕಡಿಯುವಾಗ ಆಗುವ ಗೀರು, ಮುಳ್ಳುಗಳೇ ಸೋಂಕಿಗೆ ಬಾಗಿಲು. ಈ ಕೆಲಸಗಳಿಗೆ ದಪ್ಪ ಕೈಗವಸು ತೊಡಿ. ಗಾಯವಾದರೆ ಸೋಪು ನೀರಲ್ಲಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ ಎರಡು ದಿನ ಗಮನಿಸಿ. ಗಾಜಿನ ಬಳೆಯನ್ನು ಆ ಕೈಗೆ ಹಿಂಡಿ ತೊಡಿಸಿಕೊಳ್ಳುವುದು ಬೇಡ, ಸಡಿಲವಾದದ್ದೊಂದು ಸಾಕು.

ಚಳಿ ಜ್ವರ ಬಂದು ಕೈ ಕೆಂಪಾಗಿ, ಬಿಸಿಯಾಗಿ, ನೋಯುತ್ತಿದ್ದರೆ ಅದು ಸೆಲ್ಯುಲೈಟಿಸ್, ಅಂದರೆ ಚರ್ಮದ ಸೋಂಕು. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಬ್ಯಾಂಡೇಜ್, ಸ್ಲೀವ್ ತೆಗೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ. ಆಂಟಿಬಯಾಟಿಕ್ ಕೋರ್ಸನ್ನು ಪೂರ್ತಿ ಮುಗಿಸಬೇಕು. ಪ್ರತಿ ಸೋಂಕೂ ಉಳಿದ ಲಿಂಫ್ ನಾಳಗಳನ್ನು ಇನ್ನಷ್ಟು ಹಾಳುಮಾಡುತ್ತದೆ. ವರ್ಷಕ್ಕೆ ಎರಡು ಸಲ ಬಂದರೆ ತಡೆಗಟ್ಟುವ ಔಷಧಿಯ ಬಗ್ಗೆ ವೈದ್ಯರನ್ನು ಕೇಳಿ.

ಆ ಕೈಯಲ್ಲಿ ಬಿ.ಪಿ. ನೋಡಿದರೆ, ರಕ್ತ ತೆಗೆದರೆ ಊತ ಬರುತ್ತದೆಂಬ ಭಯ ಹಿಂದೆ ದೊಡ್ಡದಿತ್ತು. ಇತ್ತೀಚಿನ ಅಧ್ಯಯನಗಳಲ್ಲಿ ಅಂಥ ಸಂಬಂಧ ಸ್ಪಷ್ಟವಾಗಿ ಕಂಡಿಲ್ಲ. ಇನ್ನೊಂದು ಕೈ ಇರುವಾಗ ಅದನ್ನೇ ಚಾಚಿ. ತುರ್ತಿನಲ್ಲಿ ಊದಿದ ಕೈಗೆ ಸೂಜಿ ಹಾಕಬೇಕಾಗಿ ಬಂದರೆ ಬೇಡವೆಂದು ತಡೆಯಬೇಡಿ.

ಮಾತ್ರೆ, ಪಂಪು, ಆಪರೇಷನ್

ಮೂತ್ರ ಹೋಗಿಸುವ ಮಾತ್ರೆ ನೀರನ್ನು ಎಳೆಯುತ್ತದೆ, ಪ್ರೋಟೀನನ್ನು ಅಲ್ಲೇ ಬಿಡುತ್ತದೆ. ಆ ಪ್ರೋಟೀನ್ ಮತ್ತೆ ನೀರು ಸೆಳೆಯುತ್ತದೆ. ಬಿ.ಪಿ.ಗೋ ಹೃದಯಕ್ಕೋ ಕೊಟ್ಟಿದ್ದರೆ ನಿಲ್ಲಿಸಬೇಡಿ, ಕೈ ಊತಕ್ಕೆಂದು ಮಾತ್ರ ನುಂಗಬೇಡಿ. ಆನೆಕಾಲು ರೋಗದ ಮಾತ್ರೆಯೂ ಇದಕ್ಕಲ್ಲ. ಅದು ಹುಳುವಿನಿಂದ ಬರುವ ರೋಗ, ಇಲ್ಲಿ ಹುಳುವಿಲ್ಲ. ತೂಕ ಹೆಚ್ಚಿರುವವರು ಇಳಿಸಿಕೊಂಡರೆ ಕೈಗೂ ನಿಜವಾದ ಲಾಭವಿದೆ.

ಗಾಳಿ ತುಂಬಿ ಒತ್ತುವ ಪಂಪ್ ಯಂತ್ರ ಬ್ಯಾಂಡೇಜಿಗೆ ಜೊತೆಯಾಗಬಲ್ಲದು, ಬದಲಿ ಆಗಲಾರದು. ದೊಡ್ಡ ಕೇಂದ್ರಗಳಲ್ಲಿ ಸೂಕ್ಷ್ಮದರ್ಶಕದಡಿ ಮಿಲಿಮೀಟರಿಗಿಂತ ಸಣ್ಣ ಲಿಂಫ್ ನಾಳವನ್ನು ರಕ್ತನಾಳಕ್ಕೆ ಜೋಡಿಸುವ, ಬೇರೆ ಕಡೆಯ ನೋಡ್ ತಂದು ಕೂರಿಸುವ ಆಪರೇಷನ್‌ಗಳಿವೆ. ನಾಳಗಳಲ್ಲಿ ಇನ್ನೂ ಜೀವ ಇರುವಾಗ, ಅಂದರೆ ಬೇಗ ಮಾಡಿದರೆ, ಜೋಡಣೆಗೆ ಫಲ ಹೆಚ್ಚು. ಕೈ ಪೂರ್ತಿ ಕೊಬ್ಬಾಗಿ ಗಟ್ಟಿಯಾದವರಿಗೆ ಆ ಕೊಬ್ಬನ್ನು ಹೀರಿ ತೆಗೆಯುವ ವಿಧಾನವಿದೆ, ಆದರೆ ಅದಾದ ಮೇಲೆ ಜೀವನಪೂರ್ತಿ ಸ್ಲೀವ್ ತೊಡಲೇಬೇಕು.

ಇಲ್ಲೇ ಯಾರನ್ನು ಕೇಳುವುದು

ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಾಗಲಿ, ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಾಗಲಿ, ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಾಗಲಿ ಫಿಸಿಯೋಥೆರಪಿಯವರನ್ನು ಕಂಡು ನೇರವಾಗಿ ಕೇಳಿ: ಲಿಂಫೆಡಿಮಾಗೆ ಬ್ಯಾಂಡೇಜ್ ಕಟ್ಟುವ ತರಬೇತಿ ಆಗಿದೆಯೇ? ಶಾರ್ಟ್ ಸ್ಟ್ರೆಚ್ ಬಳಸುತ್ತೀರಾ? ಪ್ರತಿ ವಾರ ಅಳತೆ ಬರೆದು ತೋರಿಸುತ್ತೀರಾ? ಇಲ್ಲ ಎಂದರೆ ಆಪರೇಷನ್ ಆದ ಆಸ್ಪತ್ರೆಯನ್ನೇ ಸಂಪರ್ಕಿಸಿ, ಮುಂದಿನ ಚೆಕಪ್ಪಿಗೆ ಹೋದಾಗಲೇ ಎರಡು ವಾರ ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಂಡರೆ ಮೊದಲ ಘಟ್ಟದ ಬಹುಪಾಲು ಅಲ್ಲೇ ಆಗುತ್ತದೆ.

ಹೋಗುವಾಗ ಡಿಸ್‌ಚಾರ್ಜ್ ಚೀಟಿ, ಎಷ್ಟು ನೋಡ್ ತೆಗೆದರೆಂದು ಬರೆದಿರುವ ಬಯಾಪ್ಸಿ ವರದಿ, ರೇಡಿಯೇಷನ್ ವಿವರ, ಅಳತೆಯ ನೋಟುಬುಕ್ಕು ಒಯ್ಯಿರಿ. ಜೊತೆಗೆ ಬರುವವರು ಮಗಳೋ ಸೊಸೆಯೋ ಗಂಡನೋ, ಮನೆಯಲ್ಲಿ ದಿನಾ ಬ್ಯಾಂಡೇಜ್ ಕಟ್ಟುವವರೇ ಆಗಿರಲಿ. ಫಿಸಿಯೋಥೆರಪಿಸ್ಟ್ ಎದುರಿಗೇ ಒಂದು ಸಲ ಅವರ ಕೈಯಲ್ಲಿ ಕಟ್ಟಿಸಿ, ಬಿಚ್ಚಿಸಿ, ಮತ್ತೆ ಕಟ್ಟಿಸಿ ನೋಡಿಕೊಂಡೇ ಹೊರಡಿ.